ದೊರೆಸಾನಿಯ ಬೆಳ್ಳಿ

ಕಾಗದ ಓದಿದವರೇ ಸಿದ್ದಲಿಂಗಯ್ಯ ನೇರ ಟ್ರಂಕಿನ ಬಳಿ ಹೋದರು. ಮಿಸೆಸ್ ಕೋಲ್ ಇಂಗ್ಲೆಂಡಿನಿಂದ ಬಂದಿದ್ದಾರೆ. ಇವತ್ತೇ ನಾಲ್ಕು ಗಂಟೆಗೆ ದಂಡು ಪ್ರದೇಶದಿಂದ ಜಯನಗರಕ್ಕೆ ಬಂದು ತಮ್ಮ ಬೆಳ್ಳಿ ಸಾಮಾನು ಒಯ್ಯುತ್ತಾರಂತೆ. ಬೀಗ ತೆಗೆದರೆ ಒಳಗೆ ಅದನ್ನು ಸುತ್ತಿಟ್ಟಿದ್ದ ಮಖಮಲ್ಲಿನ ಬಟ್ಟೆ ಮಾತ್ರ ಇತ್ತು, ನೀಟಾಗಿ ಮಡಿಸಿ.

“ಏನೇ, ಇದರೊಳಗಿನ ಬೆಳ್ಳಿ ಎಲ್ಲಿ?”

ಹೆಂಡತಿ ಶಿವಬಸಮ್ಮ ಅಡುಗೆಮನೆಯಿಂದಲೇ ಹೇಳಿದರು, “ಆ ಬೆತ್ತಲೆ ಗೊಂಬೆಗಳದ್ದಾ? ನೀವು ಶ್ರೀಶೈಲಕ್ಕೆ ಹೋಗಿದ್ರಲ್ಲ, ಆಗಲೇ ಅಕ್ಕಸಾಲಿಗೆ ಕೊಟ್ಟು ಕರಗಿಸ್ದೆ.”

ಸಿದ್ದಲಿಂಗಯ್ಯ ಮಖಮಲ್ಲಿನ ಬಟ್ಟೆಯನ್ನು ಬಿಚ್ಚಿ ಕೊಡವಿ ನೋಡಿದರು. ಕರಗಿಸುವ ವಸ್ತುವೇ ಅದು? ದೊಡ್ಡವರ ಊಟದ ಮೇಜಿನ ನಡುವೆ ಹಣ್ಣು ಜೋಡಿಸಲು ಇಡುವ, ಮೊಳದೆತ್ತರದ ಬೆಳ್ಳಿ ಮಂಟಪ. ಗ್ರೀಕರ ಪುರಾಣದ ನಾಲ್ವರು ದೇವಕನ್ಯೆಯರು ತಲೆಯ ಮೇಲೆ ಬುಟ್ಟಿ ಹೊತ್ತಿದ್ದರು; ಕಂಬಗಳಿಗೆಲ್ಲ ದ್ರಾಕ್ಷಿ ಬಳ್ಳಿ, ಬುಡದಲ್ಲಿ ಕೊಳಲೂದುವ ಮೇಕೆಕಾಲಿನವನು. ಕೋಲ್ ದೊರೆಯ ಮುತ್ತಜ್ಜನ ಕಾಲದ್ದು. ದೊರೆ ತೀರಿಕೊಂಡು ದೊರೆಸಾನಿ ಊರಿಗೆ ಹೊರಟಾಗ, ಅವರ ಕಚೇರಿಯ ಹೆಡ್‌ಕ್ಲರ್ಕ್ ಆಗಿದ್ದ ಇವರ ಕೈಗೆ ಅದನ್ನು ಕೊಟ್ಟು, ಬಂದು ತೆಗೆದುಕೊಂಡು ಹೋಗುತ್ತೇನೆ, ನಿಮ್ಮೊಬ್ಬರನ್ನೇ ನಂಬಿದ್ದೇನೆ ಎಂದಿದ್ದರು.

“ಅದು ನಮ್ಮದಲ್ಲ ಕಣೇ. ಜೋಪಾನ ಮಾಡೋಕೆ ಕೊಟ್ಟಿದ್ದು.”

ಶಿವಬಸಮ್ಮ ಸೌಟು ಹಿಡಿದೇ ಹೊರಗೆ ಬಂದರು. “ಮತ್ತೆ, ದೊರೆಸಾನಿ ನನ್ನ ದುಡಿಮೆ ಮೆಚ್ಚಿ ಇನಾಮು ಕೊಟ್ರು ಅಂತ ಬೀಗರ ಮುಂದೆ ಹೇಳ್ದೋರು ಯಾರು? ಮೂರು ವರ್ಷದಿಂದ ಅದನ್ನೇ ಹೇಳ್ಕೊಂಡು ಬಂದಿದ್ದೀರಿ.”

ಹೌದು, ಹೇಳಿದ್ದರು. ಮನೆಗೆ ಯಾರೇ ಬರಲಿ, ಟ್ರಂಕು ತೆಗೆದು ತೋರಿಸಿ ಬಡಾಯಿ ಕೊಚ್ಚಿದ್ದೇ ಕೊಚ್ಚಿದ್ದು. ಈಗ ಯಾರನ್ನು ಬೈಯುವುದು?

“ಒಂದಿಷ್ಟಾದ್ರೂ ಉಳಿದಿದೆಯಾ?”

“ಮನೆಮಂದಿಗೆಲ್ಲ ಲಿಂಗದ ಕರಡಿಗೆ ಮಾಡಿಸ್ದೆ. ಮಿಕ್ಕಿದ್ದು ಮಠಕ್ಕೆ ಒಪ್ಪಿಸ್ದೆ. ಶ್ರೀಶೈಲದಿಂದ ಬಂದ ದಿನ ನಿಮಗೂ ಹೊಸದು ಕೊಟ್ಟೆನಲ್ಲ. ಖುಷಿಯಾಗಿ ಹಾಕ್ಕೊಂಡ್ರಿ, ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಿದ್ರಾ?”

ಸಿದ್ದಲಿಂಗಯ್ಯನವರ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಒಳಗೆ ಇಷ್ಟಲಿಂಗವಿತ್ತು. ದಿನಾ ಪೂಜೆಯಾದ ಮೇಲೆ ಲಿಂಗವನ್ನು ಅದರಲ್ಲಿಟ್ಟು ಮುಚ್ಚಿ, ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಮಿಸೆಸ್ ಕೋಲ್ ಕೊಡೆ ಮಡಿಸುತ್ತಾ ಒಳಗೆ ಬಂದರು. ತೀರಾ ಸೊರಗಿದ್ದರು, ಇಪ್ಪತ್ತು ವರ್ಷ ಆಡಿದ ಬೆಂಗಳೂರಿನ ಕನ್ನಡ ಮಾತ್ರ ಹಾಗೇ ಇತ್ತು. ಸಿದ್ದಲಿಂಗಯ್ಯ ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಕರಡಿಗೆಯ ಮೇಲೆ ಬಿತ್ತು.

“ಹೊಸದಾ, ಸಿದ್ದಲಿಂಗಯ್ಯ? ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ,” ಎಂದು ಮುಖ ಅರಳಿಸಿದರು. “ನನ್ನದೂ ಹೀಗೇ ಹೊಳೀತಿದೆ, ಅಲ್ವಾ?”