ಕಪಾಟಿನೊಳಗಿನ ಪಿಸುಮಾತು

ಗೋಡೆಗಳು ಮಾತನ್ನು ಹಿಡಿದಿಟ್ಟುಕೊಳ್ಳತೊಡಗಿದ ಮೇಲೆ, ಬಾಡಿಗೆಗೆ ಮನೆ ನೋಡುವವರು ಮೊದಲು ಗೋಡೆಗೆ ಕಿವಿ ಇಡುತ್ತಿದ್ದರು. ಚಿತ್ರ ಬರೆದು ಬದುಕುವ ಜುಬೇದಾಳೂ ಹಾಗೇ ಮಾಡಿದಳು. ಕಲಾವಿದರು ತುಂಬಿದ್ದ ಆ ಬೀದಿಯ ಮನೆಗಳೆಲ್ಲ ಹತ್ತಾರು ಭಾಷೆಗಳಲ್ಲಿ ಗುನುಗುತ್ತಿದ್ದವು. ಈ ಅಪಾರ್ಟ್‌ಮೆಂಟ್ ಮಾತ್ರ ಮೂಕವಾಗಿತ್ತು.

“ಗೋಡೆ ಉಜ್ಜಿಸಿಬಿಟ್ಟಿದ್ದೀರಾ ಸರ್? ಒಂದು ಮಾತೂ ಕೇಳ್ತಿಲ್ಲ.”

“ಸುಣ್ಣಬಣ್ಣ ಮಾಡಿಸಿದ್ದೀನಮ್ಮ, ಅಷ್ಟೇ,” ಎಂದರು ಮಾಲೀಕ ವಾಮನಮೂರ್ತಿ. “ಮುಂಚೆ ಒಬ್ಬರು ಡ್ಯಾನ್ಸ್ ಟೀಚರ್ ಇದ್ರು. ಒಳ್ಳೆಯವರು.”

ದೊಡ್ಡ ಕಿಟಕಿಯಿಂದ ಹದವಾದ ಬೆಳಕು ಬೀಳುತ್ತಿತ್ತು. ಜುಬೇದಾಳ ಹೆಸರು ಕೇಳಿದ ಮೇಲೂ ಬಾಗಿಲು ತೆರೆದವರು ಇವರೊಬ್ಬರೇ. ಆದರೂ ಅನುಮಾನ ಹೋಗಲಿಲ್ಲ. ಬಟ್ಟೆಯ ಕಪಾಟಿನೊಳಗೆ ತಲೆ ಹಾಕಿ, ಸುಣ್ಣ ತಾಗದೆ ಉಳಿದಿದ್ದ ಹಿಂದಿನ ಗೋಡೆಗೆ ಕಿವಿಗೊಟ್ಟಳು. ಹೆಣ್ಣುದನಿಯೊಂದು ಪಿಸುಗುಟ್ಟಿತು: “ಅಕ್ಕ, ಯಾರೇ ಆಗಿರಿ, ಕೇಳಿ. ಇಲ್ಲಿ ಡ್ಯಾನ್ಸ್ ಕಲಿಸ್ತಿದ್ದವಳು ನಾನು. ನಾನು ಹೊರಗೆ ಹೋದಾಗ ಓನರ್ ಬೀಗ ತೆಗೆದು ಒಳಗೆ ಬರ್ತಾರೆ. ನಾನಾಡಿದ್ದನ್ನೆಲ್ಲ ಗೋಡೆಯಿಂದ ಕೇಳಿಸಿಕೊಳ್ತಾರೆ.”

ಜುಬೇದಾ ಕಪಾಟಿನ ಬಾಗಿಲನ್ನು ಅರ್ಧ ಎಳೆದುಕೊಂಡಳು.

“ಹೇಗಿದೆಯಮ್ಮ ಮನೆ?” ವಾಮನಮೂರ್ತಿ ಹಾಲ್‌ನಿಂದ ಕೇಳಿದರು.

“ಕಪಾಟು ನೋಡ್ತಿದ್ದೀನಿ ಸರ್.”

ಆಮೇಲೆ ಗೋಡೆಗೆ ತುಟಿ ತಾಗಿಸಿ ಮೆಲ್ಲಗೆ ಹೇಳಿದಳು: “ನಾನು ಜುಬೇದಾ. ಈ ಟೀಚರ್ ಹೇಳಿದ್ದು ಕೇಳಿಸಿಕೊಂಡೆ, ಈ ಮನೆಗೆ ಬರಲಿಲ್ಲ. ನೀವೂ ಬರಬೇಡಿ.”