ಕಸೂತಿಗೆ ಹತ್ತಿದ ಮಸಿ

"ಈ ಯಂತ್ರ ಗಾಳಿಗೆ ಕರೆಂಟಿನ ಕಣ ಬಿಡತ್ತೆ ಅಕ್ಕ. ನಮ್ಮ ಬಿಷ್ಕೆಕ್ಕಿನ ಕಲ್ಲಿದ್ದಲ ಹೊಗೆನೆಲ್ಲ ಹಿಡಿದು ಪಕ್ಕದ ಗೋಡೆಗೆ ಅಂಟಿಸಿಬಿಡತ್ತೆ. ಬೆಟ್ಟದ ಹುಲ್ಲುಗಾವಲಲ್ಲಿ ಕೂತ ಹಾಗೆ ಎದೆ ಹಗುರ!" ಎನ್ನುತ್ತ ಕುಬಾತ್, ಕೊಳ್ಳಲು ಬಂದ ನೆರೆಮನೆಯ ಸೋನುನ್‌ಬೂಬುಗೆ ತೋರಿಸಲೆಂದು ಯಂತ್ರವನ್ನು ಎತ್ತಿದ.

ಹಿಂದಿನ ಗೋಡೆಯ ಮೇಲೆ ಅವನ ತಾಯಿ ಕಸೂತಿ ಹಾಕಿದ್ದ ಕೆಂಪು ಬಟ್ಟೆ ತೂಗುತ್ತಿತ್ತು. ಯಂತ್ರದ ಬಾಯಿಗೆ ಎದುರಾಗಿದ್ದ ಹೂವುಗಳು ಮಾತ್ರ ಕಪ್ಪಾಗಿದ್ದವು. ಕುಬಾತ್ ಯಂತ್ರವನ್ನು ಗಬಕ್ಕನೆ ಅಲ್ಲೇ ಇಟ್ಟ. ಹಿಮ ಬೀಳುವ ಮೊದಲು "ನಿನ್ನ ಒಲೆಯಿಂದ ನಮ್ಮಮ್ಮನ ಕಸೂತಿ ಮಸಿಯಾಯ್ತು" ಎಂದು ಅವನು ರೇಗಿದ ಮೇಲೆ ಹೆಂಡತಿ ಜಿಪಾರ್ ಚಳಿಗಾಲವೆಲ್ಲ ಅಂಗಳದ ಹಿಮದಲ್ಲೇ ಅಡುಗೆ ಮಾಡಿದ್ದಳು.

"ಇದೇನೋ ಕುಬಾತ್, ಇಷ್ಟೊಂದು ಮಸಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಜಿಪಾರ್ ಚಹಾ ಹಿಡಿದು ಒಳಗೆ ಬಂದಳು. ಅವಳ ಕೈಗಳು ಚಳಿಗೆ ಬಿರಿದಿದ್ದವು.

"ಅದು ನನ್ನ ಒಲೆದು ಅಕ್ಕ," ಎಂದಳು ತಲೆ ತಗ್ಗಿಸಿ. "ಇವರ ಯಂತ್ರದ್ದೇನೂ ತಪ್ಪಿಲ್ಲ."