ನಾಲ್ಕು ನಲವತ್ತರ ಹದ್ದು

ತಪಾಸಣಾಧಿಕಾರಿ ಕ್ಯಾಬಿನ್ನಿನೊಳಗೆ ಬಂದವರೇ ಬಾಗಿಲಿಗೆ ಚಿಲಕ ಹಾಕಿದರು. ಗಾಳಿಗೆ ಬಡಿದುಕೊಳ್ಳುತ್ತದೆ ಎಂಬುದು ಅವರು ಕೊಟ್ಟ ಕಾರಣ. ತನ್ನ ಗ್ರಹಚಾರ ನೆಟ್ಟಗಿಲ್ಲ ಎಂಬುದು ಅವಳು ಮಾಡಿಕೊಂಡ ಅರ್ಥ. ಗೋಡೆಯ ಗಡಿಯಾರದಲ್ಲಿ ಆಗ ನಾಲ್ಕೂಕಾಲು.

"ಮೂವತ್ತೆರಡು ದಿನ," ಎಂದರು ಅವರು, ರಿಜಿಸ್ಟರಿನ ಹಾಳೆ ತಿರುವುತ್ತ. "ಮೂವತ್ತೆರಡು ದಿನವೂ ಹದ್ದು ಬಂದಿದೆ. ಅದೂ ಸರಿಯಾಗಿ ನಾಲ್ಕು ನಲವತ್ತಕ್ಕೆ."

"ಹೌದು ಸರ್."

"ನಮ್ಮ ಆಫೀಸಲ್ಲಿ ಮನುಷ್ಯರೇ ಇಷ್ಟು ಟೈಮಿಗೆ ಬರಲ್ಲಮ್ಮ."

ನಗಬೇಕೋ ಬೇಡವೋ ತಿಳಿಯದೆ ಅವಳು ಅರ್ಧ ನಕ್ಕಳು.

ಪಡುವಣ ದಿಬ್ಬದ ಮೇಲೆ ಹನ್ನೆರಡು ಗಾಳಿಯಂತ್ರಗಳಿದ್ದವು. ದುರ್ಬೀನು ಹಿಡಿದು ಆಕಾಶ ಕಾಯುವುದು ಅವಳ ಕೆಲಸ. ಅಳಿದುಹೋಗುತ್ತಿರುವ ಜಾತಿಯ ಹದ್ದೊಂದು ಈ ಕಡೆ ಉಳಿದಿರಬಹುದು ಎಂಬ ನಂಬಿಕೆ ಈ ಅಧಿಕಾರಿಯ ಪಕ್ಷಿ ಸಂರಕ್ಷಣಾ ಕಚೇರಿಯದು. ಅದು ಯಂತ್ರದ ರೆಕ್ಕೆಗಳ ಹತ್ತಿರ ಬಂದರೆ ಕೆಂಪು ಗುಂಡಿ ಒತ್ತಬೇಕು, ಆ ಯಂತ್ರ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಜಮೀನು ಬಿಟ್ಟುಕೊಟ್ಟ ಮನೆಗೊಂದು ನೌಕರಿ ಎಂಬ ಮಾತಿನಂತೆ ಅವಳಿಗೆ ಸಿಕ್ಕದ್ದು ಇದು. ಮೆಕ್ಯಾನಿಕ್ಕುಗಳು ಅವಳನ್ನು ಹದ್ದಿನಕಣ್ಣು ಎಂದು ರೇಗಿಸುತ್ತಿದ್ದರು. ಅವರಲ್ಲಿ ಒಬ್ಬನಿಗೂ ಹದ್ದಿನ ಒಂದು ಪುಕ್ಕವೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಅವಳಿಗೇ ಕಂಡಿರಲಿಲ್ಲ.

ಅವಳಿಗೆ ಕಂಡದ್ದು ನೆರಳು. ಸಂಜೆಯ ಸೂರ್ಯನಿಗೂ ಕೆಳಗಿನ ನೀಲಿ ಬಾಗಿಲಿನ ಮನೆಗೂ ನಡುವೆ ಏಳನೇ ಯಂತ್ರ ನಿಂತಿತ್ತು. ವರ್ಷದ ಈ ದಿನಗಳಲ್ಲಿ, ನಾಲ್ಕು ನಲವತ್ತರಿಂದ ಐದರ ತನಕ, ತಿರುಗುವ ರೆಕ್ಕೆಗಳ ನೆರಳು ಕಿಟಕಿಯಿಂದ ಒಳಬಂದು ಗೋಡೆಯ ಮೇಲೆ ಬೀಸುತ್ತಿತ್ತು. ಆ ಗೋಡೆಯ ಎದುರಿಗೆ ಅವಳ ಅಮ್ಮ ಮಲಗಿದ್ದಳು. ಲಕ್ವ ಹೊಡೆದ ಮೇಲೆ ಕುತ್ತಿಗೆ ತಿರುಗಿಸಲೂ ಆಗದ ಅಮ್ಮ. ಯಾರೋ ಮಚ್ಚು ಬೀಸುತ್ತಿದ್ದಾರೆಂದು ದನಿ ಬಿದ್ದುಹೋಗುವ ತನಕ ಕಿರುಚುತ್ತಿದ್ದಳು. ಪರದೆ ಕಟ್ಟಿದರೆ ನೆರಳು ಪರದೆಯ ಮೇಲೆಯೇ ಕುಣಿಯಿತು. ಹಲಗೆ ಹೊಡೆದರೆ ಕತ್ತಲಿಗೆ ಹೆದರಿ ಇನ್ನೂ ಜೋರಾಗಿ ಕಿರುಚಿದಳು. ಇರುವುದೊಂದೇ ಕೋಣೆ, ಮಂಚ ಸರಿಸಲು ಬೇರೆ ಜಾಗವಿರಲಿಲ್ಲ.

ದೂರು ಕೊಡಲು ಹೋದಾಗ ಎಂಜಿನಿಯರು, "ಹಕ್ಕಿ ಬಂದ್ರೆ ನಿಲ್ಸಬಹುದು. ನೆರಳಿಗೆಲ್ಲ ನಿಲ್ಸಕ್ಕಾಗುತ್ತಾ?" ಎಂದಿದ್ದ.

ಮಾರನೆಯ ದಿನವೇ ಹದ್ದು ಬಂತು.

ಎಂಜಿನಿಯರಿಗೆ ಅನುಮಾನ ಬಂದಿದೆಯೆಂದು ಕ್ಯಾಂಟೀನಿನಲ್ಲಿ ಒಂದು ವಾರದಿಂದ ಗುಸುಗುಸು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಅದು ಹೋದರೂ ಹೋಗಲಿ, ಅಮ್ಮನ ಆ ಇಪ್ಪತ್ತು ನಿಮಿಷ ಹೋಗುತ್ತದಲ್ಲ ಎಂಬುದೇ ಅವಳ ಸಂಕಟ.

ಅಧಿಕಾರಿ ಮೇಜಿನ ಮೇಲೆ ನಕ್ಷೆ ಹರಡಿದರು. ಚೀಲದಿಂದ ಅಳತೆಪಟ್ಟಿ ಬಂತು, ಕೈವಾರ ಬಂತು. ಸೂರ್ಯ, ಯಂತ್ರ, ಅವಳ ಮನೆಯ ಕಿಟಕಿ, ಮೂರನ್ನೂ ಸೇರಿಸಿ ಒಂದು ಗೆರೆ ಎಳೆದರೆ ಗುಟ್ಟು ರಟ್ಟು.

"ಯಾವಾಗ್ಲೂ ಏಳನೇದರ ಹತ್ರಾನೇ ಬರೋದಾ?"

"ಹೌದು ಸರ್."

"ಬೇರೆ ಕಡೆ?"

"ನಾನಂತೂ ನೋಡಿಲ್ಲ ಸರ್." ಅದೊಂದಾದರೂ ನಿಜ ಹೇಳಿದಳು.

ಅವರು ಕಿಟಕಿಗೆ ಬಂದು ದುರ್ಬೀನನ್ನು ಆಕಾಶಕ್ಕಲ್ಲ, ಕೆಳಕ್ಕೆ ತಿರುಗಿಸಿದರು. "ಆ ನೀಲಿ ಬಾಗಿಲಿನ ಮನೇಲಿ ಯಾರಿದಾರೆ?"

ಅಮ್ಮ ಎಂದರೆ ಎಲ್ಲವನ್ನೂ ಒಪ್ಪಿಕೊಂಡಂತೆ. "ಯಾರೂ ಇಲ್ಲ ಸರ್. ಖಾಲಿ ಬಿದ್ದಿದೆ."

"ಖಾಲಿ. ಗ್ಯಾರಂಟಿ ತಾನೇ?"

"ಗ್ಯಾರಂಟಿ ಸರ್."

ಅವರು ಅದನ್ನು ಬರೆದುಕೊಂಡರು. ಬದುಕಿರುವ ತಾಯಿಯನ್ನು ಒಂದೇ ಮಾತಿನಲ್ಲಿ ಇಲ್ಲವಾಗಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದ್ದು ಹೋಗೋಣವೆಂದರೆ ಬಾಗಿಲಿಗೆ ಅಡ್ಡವಾಗಿ ಅವರ ಕುರ್ಚಿ.

ನಾಲ್ಕು ಮೂವತ್ತೆಂಟು. ಏಳನೆಯದರ ನೆರಳು ಬೇಲಿ ದಾಟಿ ಮನೆಯಂಗಳಕ್ಕೆ ಬಂದಿತ್ತು. ಒತ್ತಿದರೆ ಕಣ್ಣೆದುರೇ ಸುಳ್ಳು, ಒತ್ತದಿದ್ದರೆ ಅಮ್ಮ. ಒತ್ತಿದಳು.

"ಬಂತು ಸರ್."

"ಎಲ್ಲಿ?"

"ಸೂರ್ಯನ ಕಡೆ. ನೇರ ಅಲ್ಲೇ."

ಅವರು ಹಣೆಗೆ ಕೈ ಅಡ್ಡವಿಟ್ಟು ನೋಡಿದರು. ನೋಡಿಯೇ ನೋಡಿದರು, ಕಣ್ಣಲ್ಲಿ ನೀರು ಸುರಿಯುವ ತನಕ. ರೆಕ್ಕೆಗಳು ಮೆಲ್ಲಗಾಗಿ ನಿಂತವು.

"ನಂಗೇನೂ ಕಾಣಲಿಲ್ಲ," ಎಂದರು.

ಅವಳು ತಲೆ ತಗ್ಗಿಸಿದಳು. ಮುಗಿಯಿತು.

"ಕಣ್ಣಿಗೆ ಪೊರೆ ಬಂದಿದೆ, ಏನು ಮಾಡ್ಲಿ. ನಿನ್ನ ಕಣ್ಣು ನಂಬ್ಕೊಂಡೇ ಬಂದಿದ್ದು." ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಮುಖದಲ್ಲಿ ಅನುಮಾನವಿರಲಿಲ್ಲ, ಸಂತೋಷವಿತ್ತು. "ಆ ಎಂಜಿನಿಯರು ನೀನು ಸುಳ್ಳು ಬರೀತೀಯ ಅಂತಾನೆ. ಅವನಿಗೇನು ಗೊತ್ತು? ದಿನಾ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಬರುತ್ತೆ ಅಂದ್ರೆ ಮರಿಗೆ ಉಣಿಸಕ್ಕೆ ಬರ್ತಿದೆ. ಗೂಡು ಇಲ್ಲೇ ಇದೆ. ಹದಿನೆಂಟು ವರ್ಷ ಹುಡುಕಿದೀನಿ ಕಣಮ್ಮ. ಮುಂದಿನ ತಿಂಗಳು ರಿಟೈರ್ ಆಗ್ತೀನಿ, ಅಷ್ಟರಲ್ಲಿ ಸಿಕ್ತು. ಏಳನೇದು ಇನ್ನು ಯಾವತ್ತೂ ತಿರುಗಲ್ಲ."

ಯಾವತ್ತೂ. ಅವಳಿಗೆ ಅಳು ಒತ್ತರಿಸಿ ಬಂತು. ಇನ್ನು ಅಮ್ಮ ಹೆದರಬೇಕಾಗಿಲ್ಲ, ತಾನು ಸುಳ್ಳು ಬರೆಯಬೇಕಾಗಿಲ್ಲ. ಈ ಮುದುಕರ ಕಾಲಿಗೆ ಬೀಳಬೇಕೆನಿಸಿತು.

ಅಧಿಕಾರಿ ಕೈವಾರದ ಮುಳ್ಳನ್ನು ಏಳನೇ ಯಂತ್ರದ ಮೇಲೆ ಊರಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿದರು.

"ಗೂಡಿನ ಸುತ್ತ ಒಂದು ಕಿಲೋಮೀಟರ್ ಮನುಷ್ಯರ ಮನೆ ಇರೋ ಹಾಗಿಲ್ಲ, ಅದು ಕಾನೂನು. ಜನ ಇದ್ದಿದ್ರೆ ವರ್ಷಗಟ್ಟಲೆ ಕೋರ್ಟು ಅಲೀಬೇಕಿತ್ತು. ಪುಣ್ಯಕ್ಕೆ ಇರೋದೊಂದೇ ಮನೆ, ಅದೂ ಖಾಲಿ ಅಂತ ನೀನೇ ಗ್ಯಾರಂಟಿ ಕೊಟ್ಟೆ. ನಾಳೆ ಬೆಳಿಗ್ಗೇನೇ ಕೆಡವಿಸಿಬಿಡ್ತೀನಿ."